ಕಬ್ಬಿಣ, ಜೇಡಿಮಣ್ಣು ಮತ್ತು ಒಂದು ಮದುವೆ

ಆದಿಕಾಂಡದ ಆರನೆಯ ಅಧ್ಯಾಯದ ಮೊದಲ ನಾಲ್ಕು ವಚನ ಓದಲು ಒಂದು ನಿಮಿಷವೂ ಬೇಡ. ಅರ್ಥ ಹೇಳಲು ಹೊರಟವರಿಗೆ ಮಾತ್ರ ಎರಡು ಸಾವಿರ ವರ್ಷ ಸಾಲದಾಗಿದೆ. ಭೂಮಿಯ ಮೇಲೆ ಜನ ಹೆಚ್ಚಿದರು, ಅವರಿಗೆ ಹೆಣ್ಣುಮಕ್ಕಳು ಹುಟ್ಟಿದರು. 'ದೇವಪುತ್ರರು' ಆ ಹೆಣ್ಣುಮಕ್ಕಳ ಚೆಲುವನ್ನು ಕಂಡು, ತಮಗೆ ಬೇಕೆನಿಸಿದವರನ್ನೆಲ್ಲ ಹೆಂಡಿರನ್ನಾಗಿ ಮಾಡಿಕೊಂಡರು. ಮನುಷ್ಯನ ದಿನಗಳು 120 ವರ್ಷ ಎಂದು ದೇವರು ಹೇಳಿದ. ಆ ಕಾಲದಲ್ಲಿ ನೆಫಿಲೀಮರೆಂಬ ದೈತ್ಯರಿದ್ದರು. ಹಳೆಯ ಕಾಲದ ಹೆಸರುವಾಸಿ ಪರಾಕ್ರಮಿಗಳ ಮಾತೂ ಅಲ್ಲೇ ಬರುತ್ತದೆ. ಇಷ್ಟೇ. ಮುಂದಿನ ವಚನದಿಂದಲೇ ನೋಹನ ಜಲಪ್ರಳಯದ ಕಥೆಗೆ ಪೀಠಿಕೆ ಶುರು. ದೇವಪುತ್ರರು ಯಾರು, ಎಲ್ಲಿಂದ ಬಂದರು, ಪ್ರಳಯಕ್ಕೂ ಅವರಿಗೂ ಏನು ನಂಟು, ಯಾವುದಕ್ಕೂ ಉತ್ತರ ಇಲ್ಲ.

ಮಹಾಭಾರತ ಕೇಳಿಕೊಂಡು ಬೆಳೆದ ನಮ್ಮ ಕಿವಿಗೆ ಇದು ಹೊಸದೇನೂ ಅನ್ನಿಸದು. ಸೂರ್ಯ ಬಂದ, ಯಮ ಬಂದ, ವಾಯು ಬಂದ, ಇಂದ್ರ ಬಂದ. ಹುಟ್ಟಿದ ಮಕ್ಕಳೇ ಕಥೆಯ ನಾಯಕರು. ಬೈಬಲ್ಲಿನಲ್ಲಿ ಮಾತ್ರ ಅಂಥದೇ ಬೆರಕೆಯ ಬೆನ್ನಿಗೇ ಪ್ರಳಯ ಬರುತ್ತದೆ. ಇನ್ನೊಂದು ವ್ಯತ್ಯಾಸವೂ ಉಂಟು. ಅಲ್ಲಿ ಕುಂತಿ ಕರೆದಳು, ಅವರು ಬಂದರು. ಇಲ್ಲಿ ಹೆಣ್ಣುಮಕ್ಕಳನ್ನು ಯಾರೂ ಕೇಳಲಿಲ್ಲ.

ಕಳೆದ ವರ್ಷ ಮಳೆಗಾಲದಲ್ಲಿ ಈ ನಾಲ್ಕು ವಚನ ನಮ್ಮ ಮನೆಯೊಳಗೇ ಬಂದು ಕೂತವು. ನಾವು ಗದಗ-ಬೆಟಗೇರಿ ಕಡೆಯವರು, ಬಾಸೆಲ್ ಮಿಶನ್ ಕಾಲದಿಂದ ಬಂದ ಕ್ರೈಸ್ತ ಮನೆತನ. ಮನೆಮಾತು ಕನ್ನಡ, ಹಾಡುವ ಕೀರ್ತನೆ ಕನ್ನಡ, ಕಷ್ಟ ಬಂದಾಗ ದೇವರ ಹತ್ತಿರ ಜಗಳಾಡುವುದೂ ಆ ಸೀಮೆಯ ಕನ್ನಡದಲ್ಲೇ. ನಾನು ಪುಣೆಗೆ ಬಂದು 14 ವರ್ಷ, ನನ್ನ ಕಾಕಾನ ಮಗಳು ಬಂದು 6 ವರ್ಷ. ಇಬ್ಬರದೂ ಹಿಂಜವಡಿಯಲ್ಲಿ ಐಟಿ ಕೆಲಸ. ತನ್ನ ಜೊತೆ ಕೆಲಸ ಮಾಡುವ ಸಾತಾರಾ ಕಡೆಯ ಮರಾಠಿ ಹುಡುಗನನ್ನು ಮದುವೆಯಾಗುವುದಾಗಿ ಆಕೆ ಮನೆಯಲ್ಲಿ ಹೇಳಿದಳು. ಅವರದು ಹಿಂದೂ ಮನೆ. ಯಾರೂ ಯಾರ ಧರ್ಮಕ್ಕೂ ಸೇರುವುದು ಬೇಡ, 1954ರ ವಿಶೇಷ ವಿವಾಹ ಕಾಯ್ದೆಯಡಿ ನೋಂದಣಿ ಮಾಡಿಸೋಣ ಎಂದು ಇಬ್ಬರೂ ತೀರ್ಮಾನಿಸಿದ್ದರು. ಆ ಕಾಯ್ದೆಯಲ್ಲಿ ಅರ್ಜಿ ಕೊಟ್ಟ ಮೇಲೆ 30 ದಿನದ ನೋಟಿಸ್ ಅವಧಿ ಇರುತ್ತದೆ. ಆ 30 ದಿನ ಕಾಕಾನ ಫೋನಿಗೆ ಬಿಡುವಿರಲಿಲ್ಲ.

ಕಾಕಾ ನಿವೃತ್ತ ಮಾಸ್ತರ್. ದಿನಾ ಬೆಳಗ್ಗೆ ಒಂದು ಅಧ್ಯಾಯ ಓದದೆ ಚಹಾ ಕುಡಿಯುವವರಲ್ಲ. ಅವರು ನನಗೆ ಮುಕ್ಕಾಲು ಗಂಟೆಯ ಒಂದು ವಿಡಿಯೋ ಕಳಿಸಿದರು. ಅದರಲ್ಲಿ ಒಬ್ಬ ಪ್ರಸಂಗಿ ಹೇಳುತ್ತಿದ್ದುದು ಇಷ್ಟು. ಪ್ರಳಯಕ್ಕೆ ಮುಂಚೆ ದೂತರು ಮನುಷ್ಯರೊಡನೆ ಕೂಡಿ ಬೀಜ ಕೆಡಿಸಿದರು. ನೋಹನ ದಿನಗಳಲ್ಲಿ ಹೇಗೋ ಕಡೇ ದಿನಗಳಲ್ಲೂ ಹಾಗೇ ಎಂದು ಯೇಸು ಹೇಳಿದ್ದಾನೆ. ಆದ್ದರಿಂದ ಅದೇ ಬೆರಕೆ ಮತ್ತೆ ನಡೆಯಬೇಕು. ವಂಶವಾಹಿ ತಿದ್ದುವ ಪ್ರಯೋಗಶಾಲೆಗಳು, ಮಿದುಳಿಗೆ ಜೋಡಿಸುವ ಚಿಪ್ಪುಗಳು, ಹಾರುವ ತಟ್ಟೆಗಳು, ಎಲ್ಲ ಅದರ ಗುರುತು. ದಾನಿಯೇಲನ ಗ್ರಂಥದ ಪ್ರತಿಮೆಯ ಪಾದದಲ್ಲಿ ಕಬ್ಬಿಣವೂ ಜೇಡಿಮಣ್ಣೂ ಬೆರೆತಿರುವುದು ಇದನ್ನೇ ಸೂಚಿಸುತ್ತದೆ. ಕೊನೆಯಲ್ಲಿ ಆತ ದನಿ ತಗ್ಗಿಸಿ, ಈ ಕೆಲಸ ಶುರುವಾಗುವುದು ವಿಶ್ವಾಸಿಗಳ ಮನೆಯ ಹೆಣ್ಣುಮಕ್ಕಳು ಹೊರಗಿನವರನ್ನು ಕಟ್ಟಿಕೊಳ್ಳುವುದರಿಂದ ಎಂದ.

ಕಾಕಾ ಫೋನಿನಲ್ಲಿ ಹೇಳಿದರು: "ತಮ್ಮಾ, ಇದನ್ನ ಆಕೀಗೆ ತೋರಸು. ನನ್ನ ಮಾತಂತೂ ಕೇಳಂಗಿಲ್ಲ, ಬೈಬಲ್ ಮಾತರ ಕೇಳ್ಲಿ."

ನಾನು ತೋರಿಸಲಿಲ್ಲ. ಅದಕ್ಕೆ ಮುಂಚೆ ಬೈಬಲ್ಲಿನಲ್ಲಿ ಏನಿದೆ ಎಂದು ನೋಡೋಣವೆಂದು ಕೂತೆ. ನಾನು ದೇವಶಾಸ್ತ್ರ ಓದಿದವನಲ್ಲ. ಆದರೆ ಪ್ರವಾಸಿ ಊರಿನಲ್ಲಿ ಶನಿವಾರ, ರವಿವಾರ ಉದ್ದವಾಗಿರುತ್ತವೆ, ಪುಣೆಯಲ್ಲಿ ಗ್ರಂಥಾಲಯಗಳೂ ಇವೆ.

ದೇವಪುತ್ರರೆಂದರೆ ದೂತರು ಎಂಬ ಓದು ವಿಡಿಯೋದವನು ಹುಟ್ಟಿಸಿದ್ದಲ್ಲ. ಅದೇ ಎಲ್ಲಕ್ಕಿಂತ ಹಳೆಯದು. ಯೋಬನ ಗ್ರಂಥದಲ್ಲಿ ಇದೇ ಹೀಬ್ರೂ ಮಾತು ದೇವರ ಸನ್ನಿಧಿಯಲ್ಲಿ ನಿಲ್ಲುವ ಪರಲೋಕದವರನ್ನು ಕುರಿತದ್ದು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಹೊತ್ತಿಗೆ ಆ ನಾಲ್ಕು ವಚನ ಒಂದು ದೊಡ್ಡ ಕಥೆಯಾಗಿ ಬೆಳೆದಿತ್ತು. ಅದು ಹನೋಕನ ಗ್ರಂಥ. ಅದರಲ್ಲಿ 200 ಮಂದಿ ದೂತರು ಹೆರ್ಮೋನ್ ಬೆಟ್ಟದ ಮೇಲೆ ಇಳಿದು, ಒಬ್ಬರಿಗೊಬ್ಬರು ಆಣೆ ಹಾಕಿಕೊಂಡು ಹೆಣ್ಣುಗಳನ್ನು ಹಿಡಿಯುತ್ತಾರೆ. ಅವರಲ್ಲೊಬ್ಬ ಮನುಷ್ಯರಿಗೆ ಕತ್ತಿ, ಗುರಾಣಿ, ಎದೆಕವಚ ಮಾಡುವುದನ್ನು ಕಲಿಸುತ್ತಾನೆ. ಬಳೆ, ಕಣ್ಣಿನ ಕಪ್ಪು, ಬಣ್ಣಗಳನ್ನೂ ಅವನೇ ಕಲಿಸುತ್ತಾನೆ. ಹುಟ್ಟಿದ ದೈತ್ಯರು ಜನ ದುಡಿದದ್ದನ್ನೆಲ್ಲ ತಿಂದು ಮುಗಿಸಿ, ಇನ್ನು ಕೊಡಲು ಏನೂ ಇಲ್ಲವೆಂದಾಗ ಜನರನ್ನೇ ತಿನ್ನಲು ಬರುತ್ತಾರೆ. ಭೂಮಿ ಮೊರೆಯಿಡುತ್ತದೆ.

ಈ ಗ್ರಂಥ ನಮ್ಮ ಕನ್ನಡ ಬೈಬಲ್ಲಿನಲ್ಲಿಲ್ಲ. ಇಥಿಯೋಪಿಯದ ಸಭೆ ಮಾತ್ರ ಅದನ್ನು ಪವಿತ್ರಗ್ರಂಥವಾಗಿ ಉಳಿಸಿಕೊಂಡು ಬಂದಿತು. ಸ್ಕಾಟ್ಲೆಂಡಿನ ಪ್ರವಾಸಿ ಜೇಮ್ಸ್ ಬ್ರೂಸ್ 1773ರಲ್ಲಿ ಅಲ್ಲಿಂದ ಹಸ್ತಪ್ರತಿ ತಂದ. 1821ರಲ್ಲಿ ರಿಚರ್ಡ್ ಲಾರೆನ್ಸ್ ಇಂಗ್ಲಿಷಿಗೆ ಮಾಡಿದ. ಮುಂದೆ ಮೃತಸಮುದ್ರದ ಬಳಿಯ ಕುಮ್ರಾನ್ ಗವಿಗಳಲ್ಲಿ ಅದರ ಅರಾಮಿಕ್ ತುಣುಕುಗಳೂ ಸಿಕ್ಕವು. ನಮ್ಮ ಬೈಬಲ್ಲಿನಲ್ಲೇ ಅದರ ನೆರಳಿದೆ. ಯೂದನ ಪತ್ರಿಕೆ ಹನೋಕನ ಮಾತನ್ನು ಹೆಸರು ಹೇಳಿಯೇ ಎತ್ತಿಕೊಳ್ಳುತ್ತದೆ. ಪೇತ್ರನ ಎರಡನೆಯ ಪತ್ರಿಕೆಯೂ ಪಾಪ ಮಾಡಿ ಕತ್ತಲಲ್ಲಿ ಬಂಧಿತರಾದ ದೂತರ ಪ್ರಸ್ತಾಪ ಮಾಡುತ್ತದೆ.

ಹನೋಕನ ಗ್ರಂಥ ರೂಪುಗೊಂಡ ಕಾಲ ಯಾವುದು ನೋಡಿ. ಅಲೆಕ್ಸಾಂಡರ್ ಸತ್ತ ಮೇಲೆ ಅವನ ದಂಡನಾಯಕರು ರಾಜ್ಯ ಹಂಚಿಕೊಂಡು ತಲೆತಲಾಂತರ ಬಡಿದಾಡಿದ ಕಾಲ. ಆ ದಂಡುಗಳು ತುಳಿದಾಡಿದ್ದು ಯೆಹೂದ್ಯರ ನೆಲವನ್ನೇ. ಆ ಅರಸರು ತಮ್ಮನ್ನು ದೇವರ ಮಕ್ಕಳೆಂದು ಕರೆದುಕೊಳ್ಳುತ್ತಿದ್ದರು. ಸೆಲ್ಯೂಕಸನ ವಂಶ ತನ್ನ ಮೂಲವನ್ನು ಅಪೊಲೊ ದೇವರಿಗೇ ಒಯ್ಯುತ್ತಿತ್ತು. ದುಡಿದದ್ದನ್ನೆಲ್ಲ ತಿಂದು, ಕಡೆಗೆ ದುಡಿದವರನ್ನೇ ತಿನ್ನುವ ದೈತ್ಯರು ಯಾರೆಂದು ಆಗಿನ ಓದುಗರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ನನಗೆ ಅದು ಒಪ್ಪಿತವಾಯಿತು.

ಆದರೆ ಕಥೆ ಕೈಯಿಂದ ಕೈಗೆ ಹೋದಂತೆ ತಪ್ಪಿತಸ್ಥರು ಬದಲಾಗುತ್ತಾ ಹೋದರು. ಸುಮಾರು ಕ್ರಿ.ಶ. 200ರಲ್ಲಿ ಕಾರ್ಥೇಜಿನ ತೆರ್ತುಲ್ಲಿಯನ್ ಹನೋಕನ ಗ್ರಂಥವನ್ನು ಸಮರ್ಥಿಸಿದ. ಯಾವ ಪುಸ್ತಕದಲ್ಲಿ? ಹೆಂಗಸರ ಉಡುಗೆ ತೊಡುಗೆಯನ್ನು ಕುರಿತ ಪುಸ್ತಕದಲ್ಲಿ. ಬಳೆ, ಬಣ್ಣ, ಕಾಡಿಗೆ ಕೆಟ್ಟ ದೂತರು ಕಲಿಸಿದ್ದು, ಆದ್ದರಿಂದ ಕ್ರೈಸ್ತ ಹೆಂಗಸರು ಬಿಡಬೇಕು ಎಂಬುದು ಅವನ ವಾದ. ಅದೇ ದೂತ ಕಲಿಸಿದ ಕತ್ತಿ ಗುರಾಣಿಗಳ ಕಡೆ ಆ ಪುಸ್ತಕದ ಗಮನವಿಲ್ಲ.

ಮುಂದಿನ ಶತಮಾನಗಳಲ್ಲಿ ದೂತರೇ ಕಥೆಯಿಂದ ಮಾಯವಾದರು. ಪುನರುತ್ಥಾನವಾದವರು ಮದುವೆಯಾಗುವುದಿಲ್ಲ, ಪರಲೋಕದ ದೂತರಂತೆ ಇರುತ್ತಾರೆ ಎಂದು ಯೇಸು ಮತ್ತಾಯನ ಸುವಾರ್ತೆಯಲ್ಲಿ ಹೇಳುತ್ತಾನೆ. ಹಾಗಾದರೆ ದೂತರಿಗೆಲ್ಲಿಯ ಮದುವೆ? ಮೂರನೆಯ ಶತಮಾನದ ಜೂಲಿಯಸ್ ಆಫ್ರಿಕಾನಸ್ ಇನ್ನೊಂದು ದಾರಿ ತೋರಿಸಿದ. ಆಗಸ್ಟಿನ್ ತನ್ನ 'ದೇವನಗರ' ಗ್ರಂಥದ ಹದಿನೈದನೆಯ ಭಾಗದಲ್ಲಿ ಅದನ್ನು ಗಟ್ಟಿಮಾಡಿದ. ದೇವಪುತ್ರರೆಂದರೆ ಸೇತನ ವಂಶದ ಭಕ್ತರು, ಮನುಷ್ಯಪುತ್ರಿಯರೆಂದರೆ ಕೊಲೆಗಾರ ಕಾಯಿನನ ವಂಶದವರು. ಈ ಓದು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಪಶ್ಚಿಮದ ಸಭೆಯನ್ನು ಆಳಿತು. ಅದರ ತೊಡಕು ಒಂದೇ: ಪ್ರಳಯದ ಪಾಪವೀಗ ಮಿಶ್ರ ವಿವಾಹ. ವಿಡಿಯೋದ ಪ್ರಸಂಗಿ ಮಾಡಿದ್ದೇನೆಂದರೆ ಎರಡು ಓದನ್ನೂ ಒಟ್ಟಿಗೆ ಹೊಲಿದದ್ದು. ಮುಕ್ಕಾಲು ಗಂಟೆ ದೂತರ ಕಥೆ ಹೇಳಿ, ಕೊನೆಯ ಎರಡು ನಿಮಿಷದಲ್ಲಿ ಆಗಸ್ಟಿನನ ಪಾಠಕ್ಕೆ ಬಂದ. ದೂತರಿದ್ದ ಜಾಗದಲ್ಲಿ ಸಾತಾರಾ ಹುಡುಗ ನಿಂತ.

ಯೆಹೂದಿ ಗುರುಗಳಲ್ಲಿ ಮೂರನೆಯ ಓದೊಂದಿದೆ. ರಬ್ಬಿ ಶಿಮೋನ್ ಬರ್ ಯೋಹಾಯ್, ದೇವಪುತ್ರರು ಎಂದರೆ ನ್ಯಾಯಾಧಿಪತಿಗಳ ಮಕ್ಕಳು ಎಂದು ಹೇಳಿದ್ದಲ್ಲದೆ, ಅವರನ್ನು ದೇವರ ಮಕ್ಕಳೆಂದು ಕರೆಯುವವರನ್ನು ಶಪಿಸುತ್ತಿದ್ದನಂತೆ. ಹನ್ನೊಂದನೆಯ ಶತಮಾನದ ರಾಶಿ ತನ್ನ ವ್ಯಾಖ್ಯಾನದಲ್ಲಿ ಹಳೆಯ ವಿವರವೊಂದನ್ನು ಉಳಿಸಿದ್ದಾನೆ. ಮದುಮಗಳನ್ನು ಸಿಂಗರಿಸಿ ಚಪ್ಪರಕ್ಕೆ ಕರೆದೊಯ್ಯುವ ಹೊತ್ತಿಗೆ ಊರಿನ ದೊಡ್ಡವನು ಬಂದು ಮೊದಲು ತಾನು ಅವಳನ್ನು ಕೂಡುತ್ತಿದ್ದ. ಇದನ್ನು ಓದಿದ ಮೇಲೆ ನಾನು ಆ ವಚನಕ್ಕೇ ಹಿಂದಿರುಗಿದೆ. ತಮಗೆ ಬೇಕೆನಿಸಿದವರನ್ನೆಲ್ಲ ತೆಗೆದುಕೊಂಡರು. ದೇವಪುತ್ರರು ಯಾರೆಂದು ನಾಲ್ಕು ವಚನ ಹೇಳುವುದಿಲ್ಲ. ಅವರು ಏನು ಮಾಡಿದರೆಂದು ಸ್ಪಷ್ಟವಾಗಿ ಹೇಳುತ್ತವೆ. ಕಂಡರು, ಆರಿಸಿದರು, ತೆಗೆದುಕೊಂಡರು. ಅಲ್ಲಿನ ಕ್ರಿಯಾಪದಗಳೆಲ್ಲ ಬಲಶಾಲಿಗಳವು.

ಇನ್ನು ದಾನಿಯೇಲ. ಅರಸ ನೆಬೂಕದ್ನೆಚ್ಚರನ ಕನಸಿನಲ್ಲಿ ಒಂದು ಪ್ರತಿಮೆ. ತಲೆ ಚಿನ್ನ, ಎದೆ ತೋಳು ಬೆಳ್ಳಿ, ಹೊಟ್ಟೆ ತೊಡೆ ತಾಮ್ರ, ಕಾಲು ಕಬ್ಬಿಣ, ಪಾದ ಅರೆ ಕಬ್ಬಿಣ ಅರೆ ಜೇಡಿಮಣ್ಣು. ಅವರು ಮನುಷ್ಯರ ಬೀಜದೊಡನೆ ಬೆರೆತುಕೊಳ್ಳುವರು, ಆದರೆ ಕಬ್ಬಿಣ ಮಣ್ಣಿಗೆ ಹೇಗೆ ಅಂಟದೋ ಹಾಗೆ ಒಂದಾಗಲಾರರು ಎಂಬರ್ಥದ ಮಾತು ಅಲ್ಲಿದೆ. ಈ 'ಅವರು' ಯಾರು ಎಂಬಲ್ಲಿ ವಿಡಿಯೋದವನಿಗೆ ಬಾಗಿಲು ತೆರೆಯಿತು. ಮನುಷ್ಯರ ಬೀಜದೊಡನೆ ಬೆರೆಯುವವರು ಮನುಷ್ಯರಲ್ಲದವರೇ ಇರಬೇಕಲ್ಲ ಎಂದ.

ಅದೇ ಗ್ರಂಥದ ಹನ್ನೊಂದನೆಯ ಅಧ್ಯಾಯಕ್ಕೆ ಹೋದರೆ ಒಗಟು ಬಹಳಷ್ಟು ಬಿಡುತ್ತದೆ. ಉತ್ತರದ ಅರಸನಿಗೂ ದಕ್ಷಿಣದ ಅರಸನಿಗೂ ಮದುವೆಯ ನಂಟು ಬೆಳೆಯುತ್ತದೆ, ಆದರೆ ನಿಲ್ಲುವುದಿಲ್ಲ ಎನ್ನುತ್ತದೆ ಆ ಅಧ್ಯಾಯ. ಚರಿತ್ರೆಯಲ್ಲಿ ಇದು ನಡೆದದ್ದು ಹೀಗೆ. ಸಿರಿಯದ ಅರಸ ಎರಡನೆಯ ಅಂಟಿಯೋಕಸ್ ತನ್ನ ಹೆಂಡತಿ ಲವೊಡಿಸೆಯನ್ನು ಬದಿಗಿಟ್ಟು, ಕ್ರಿ.ಪೂ. 252ರ ಸುಮಾರಿಗೆ ಈಜಿಪ್ಟಿನ ಎರಡನೆಯ ಟಾಲೆಮಿಯ ಮಗಳು ಬೆರೆನಿಸೆಯನ್ನು ಮದುವೆಯಾದ. ಯುದ್ಧ ನಿಲ್ಲಿಸಲು ಮಾಡಿಕೊಂಡ ಸಂಬಂಧ. ಕ್ರಿ.ಪೂ. 246ರಲ್ಲಿ ಅವನು ಸತ್ತ. ಬೆರೆನಿಸೆಯೂ ಅವಳ ಎಳೆಯ ಮಗನೂ ಕೊಲೆಯಾದರು. ಮತ್ತೆ ಯುದ್ಧ ಹತ್ತಿತು. ಈ ಅಂಟಿಯೋಕಸನ ಬಿರುದು 'ಥಿಯೋಸ್'. ಗ್ರೀಕಿನಲ್ಲಿ ಅದರ ಅರ್ಥ ದೇವರು. ಕಬ್ಬಿಣದ ಕಾಲು ರೋಮ್ ಎಂಬ ಹಳೆಯ ವ್ಯಾಖ್ಯಾನವೂ ಇದೆ. ಇಂದಿನ ಹೆಚ್ಚಿನ ವಿದ್ವಾಂಸರು ಅದನ್ನು ಈ ಗ್ರೀಕ್ ರಾಜ್ಯಗಳೆಂದೇ ಓದುತ್ತಾರೆ. ಹಾಗೆ ಓದಿದರೆ ಅಂಟದೆ ಹೋದದ್ದು ರಾಜಕಾರಣಕ್ಕಾಗಿ ಅಪ್ಪಂದಿರು ಕೂಡಿಸಿದ ಮದುವೆಗಳು. ಹುಡುಗ ಹುಡುಗಿ ಒಪ್ಪಿ ಮಾಡಿಕೊಂಡವಲ್ಲ.

ನೋಹನ ದಿನಗಳ ಮಾತನ್ನೂ ತೆರೆದು ನೋಡಿದೆ. ಮತ್ತಾಯನ 24ನೆಯ ಅಧ್ಯಾಯ. ಜನ ಉಣ್ಣುತ್ತಿದ್ದರು, ಕುಡಿಯುತ್ತಿದ್ದರು, ಮದುವೆ ಮಾಡಿಕೊಳ್ಳುತ್ತಿದ್ದರು, ನೋಹ ನಾವೆ ಹತ್ತುವ ದಿನದವರೆಗೂ ಅವರಿಗೆ ತಿಳಿಯಲೇ ಇಲ್ಲ. ಲೂಕನ ಸುವಾರ್ತೆ ಇದರ ಜೊತೆಗೆ ಲೋಟನ ದಿನಗಳನ್ನೂ ಸೇರಿಸುತ್ತದೆ: ಕೊಳ್ಳುತ್ತಿದ್ದರು, ಮಾರುತ್ತಿದ್ದರು, ನೆಡುತ್ತಿದ್ದರು, ಕಟ್ಟುತ್ತಿದ್ದರು. ದೈತ್ಯರ ಸುದ್ದಿಯೇ ಅಲ್ಲಿಲ್ಲ. ದಿನನಿತ್ಯದ ಬದುಕಿನ ನಡುವೆ, ಯಾರೂ ಎಣಿಸದಾಗ ಆ ದಿನ ಬರುತ್ತದೆ ಎಂಬುದಷ್ಟೇ ಹೋಲಿಕೆ. ಅದಕ್ಕೆ ಒಂದೇ ವಚನ ಮುಂಚೆ, ಆ ದಿನವೂ ಗಳಿಗೆಯೂ ಯಾರಿಗೂ ತಿಳಿಯದು, ಪರಲೋಕದ ದೂತರಿಗೂ ತಿಳಿಯದು ಎಂದಿದೆ. ದೂತರಿಗೇ ತಿಳಿಯದ್ದು ವಿಡಿಯೋದವನಿಗೆ ಹೇಗೆ ತಿಳಿಯಿತು ಎಂದು ನನ್ನ ತಂಗಿ ಆಮೇಲೆ ನಕ್ಕಳು.

ನೋಹ ತನ್ನ ಕಾಲದವರಲ್ಲಿ ನಿರ್ದೋಷಿಯಾಗಿದ್ದ ಎಂದು ಆದಿಕಾಂಡ ಹೇಳುತ್ತದೆ. ನಿರ್ದೋಷಿ ಎಂದರೆ ಅವನ ರಕ್ತದಲ್ಲಿ ಬೆರಕೆ ಇರಲಿಲ್ಲ ಎಂದು ಅರ್ಥ ಎಂಬುದು ವಿಡಿಯೋದ ಇನ್ನೊಂದು ವಾದ. ಮೂಲದ ಹೀಬ್ರೂ ಪದ 'ತಾಮೀಮ್'. ಬಲಿ ಕೊಡುವ ಕುರಿಗೆ ಊನವಿರಬಾರದು ಎನ್ನುವಾಗಲೂ ಇದೇ ಪದ ಬರುತ್ತದೆ, ಅದು ನಿಜ. ಆದರೆ ಆದಿಕಾಂಡದ 17ನೆಯ ಅಧ್ಯಾಯದಲ್ಲಿ ದೇವರು ಅಬ್ರಹಾಮನಿಗೆ, ನನ್ನ ಎದುರಿನಲ್ಲಿ ನಡೆದುಕೊಂಡು ತಾಮೀಮ್ ಆಗು ಎಂದು ಅಪ್ಪಣೆ ಮಾಡುತ್ತಾನೆ. ಆಗ ಅಬ್ರಹಾಮನಿಗೆ 99 ವರ್ಷ. ಆ ವಯಸ್ಸಿನಲ್ಲಿ ನಡತೆ ತಿದ್ದಿಕೋ ಎನ್ನಬಹುದು, ರಕ್ತ ತಿದ್ದಿಕೋ ಎನ್ನಲಾಗದು.

ಇಷ್ಟಾದರೂ ಕಾಕಾನ ಕಡೆಗೆ ಸಾಕ್ಷಿಯೇ ಇಲ್ಲ ಎಂದರೆ ಸುಳ್ಳಾಗುತ್ತದೆ. ದಾನಿಯೇಲನಲ್ಲಿ ಬರುವ 'ಬೀಜ', 'ಬೆರೆ' ಎಂಬ ಎರಡು ಮಾತು ಜೊತೆಯಾಗಿ ಎಜ್ರನ ಗ್ರಂಥದ 9ನೆಯ ಅಧ್ಯಾಯದಲ್ಲೂ ಬರುತ್ತವೆ. ಪವಿತ್ರ ಬೀಜ ಸುತ್ತಲಿನ ಜನಾಂಗಗಳೊಡನೆ ಬೆರೆತುಹೋಯಿತು ಎಂದು ಎಜ್ರ ಬಟ್ಟೆ ಹರಿದುಕೊಂಡು, ತಲೆಗೂದಲು ಕಿತ್ತುಕೊಂಡು ಕೂರುತ್ತಾನೆ. ಅನ್ಯ ಜನಾಂಗದ ಹೆಂಡಿರನ್ನು, ಅವರ ಮಕ್ಕಳನ್ನೂ ಸೇರಿಸಿ, ಕಳುಹಿಸಿಬಿಡುವ ತೀರ್ಮಾನವಾಗುತ್ತದೆ. ಮಳೆ ಸುರಿಯುತ್ತಿದೆ, ಜನ ನಡುಗುತ್ತಾ ಬಯಲಿನಲ್ಲಿ ಕೂತಿದ್ದಾರೆ. ಬೈಬಲ್ಲಿನ ಬಹು ಕಠಿಣ ಪುಟಗಳಲ್ಲಿ ಅದೊಂದು. ಸೆರೆಯಿಂದ ಆಗಷ್ಟೇ ಮರಳಿದ ಸಣ್ಣ ಜನಾಂಗದ ಭಯ ಅಲ್ಲಿದೆ. ನಾವು ಕಡಿಮೆ, ಕರಗಿಹೋದರೆ ಉಳಿಯುವುದೇನು?

ಅದೇ ಬೈಬಲ್ಲಿನಲ್ಲಿ ರೂತಳ ಕಥೆಯೂ ಇದೆ. ಮೋವಾಬ್ಯರು ದೇವಜನರ ಸಭೆಗೆ ಹತ್ತನೆಯ ತಲೆಮಾರಿಗೂ ಸೇರಬಾರದು ಎಂದು ಧರ್ಮೋಪದೇಶಕಾಂಡ ಹೇಳುತ್ತದೆ. ರೂತಳು ಮೋವಾಬಿನವಳು. ಬೇತ್ಲೆಹೇಮಿನಲ್ಲಿ ಬೋವಜನನ್ನು ಮದುವೆಯಾಗಿ ದಾವೀದನ ಮುತ್ತಜ್ಜಿಯಾದಳು. ಮತ್ತಾಯ ಯೇಸುವಿನ ವಂಶಾವಳಿ ಬರೆಯುವಾಗ ಅವಳ ಹೆಸರನ್ನು ಮರೆಮಾಚಲಿಲ್ಲ. ಯೆರಿಕೋವಿನ ರಾಹಾಬಳ ಹೆಸರನ್ನೂ ಬರೆದ. ಎಜ್ರನೂ ರೂತಳೂ ಒಂದೇ ರಟ್ಟಿನೊಳಗೆ ಜಗಳಾಡಿಕೊಂಡು ಕೂತಿದ್ದಾರೆ. ಯಾರದೋ ಒಬ್ಬರ ಬಾಯಿ ಮುಚ್ಚಿಸಿ ಬೈಬಲ್ ಹೀಗೆನ್ನುತ್ತದೆ ಎಂದು ನಾನು ಹೇಳಲಾರೆ. ಎಜ್ರನ ಪುಟವನ್ನು ಎಜ್ರನ ಪುಟವೆಂದೇ ತೋರಿಸಬೇಕು, ದೂತರ ವೇಷ ಹಾಕಿ ತರಬಾರದು ಎಂದಷ್ಟೇ ನನ್ನ ವಾದ.

ನೋಟಿಸಿನ ಮೂರನೆಯ ವಾರದಲ್ಲಿ ಕಾಕಾಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಮಾಸ್ತರಾಗಿದ್ದವರು, ನಡುವೆ ಬಾಯಿ ಹಾಕದೆ ಕೇಳಿದರು. ಅಂಟಿಯೋಕಸನ ಇಸವಿ ಎರಡು ಸಲ ಕೇಳಿ ಬರೆದುಕೊಂಡರು. ಆಮೇಲೆ ಬಹಳ ಹೊತ್ತು ಸುಮ್ಮನಿದ್ದು ಕೇಳಿದರು:

"ಅದೆಲ್ಲಾ ಇರ್ಲಿ ತಮ್ಮಾ. ನಾಳೆ ಅವ್ರಿಗೆ ಒಂದ್ ಕೂಸ್ ಹುಟ್ಟಿದ್ರ, ಮಲಗೋ ಮುಂದ ಅದಕ್ಕ ಏನಂತ ಪ್ರಾರ್ಥನಿ ಕಲಸ್ತಾರ? ಯಾವ ಭಾಷಾದಾಗ?"

ನನಗೆ ಉತ್ತರ ಗೊತ್ತಿರಲಿಲ್ಲ. ಆದರೆ ಮೂರು ವಾರದಲ್ಲಿ ಕಾಕಾ ಆಡಿದ ಮೊದಲ ನಿಜವಾದ ಮಾತು ಅದು ಅನ್ನಿಸಿತು. ನೆಫಿಲೀಮರು, ಚಿಪ್ಪು, ಹಾರುವ ತಟ್ಟೆ ಯಾವುದೂ ಅವರ ನಿದ್ದೆ ಕೆಡಿಸಿರಲಿಲ್ಲ. ಅಜ್ಜಿಯಿಂದ ಅವರಿಗೆ ಬಂದ ಕನ್ನಡದ ಪ್ರಾರ್ಥನೆ ಪುಣೆಯ ಯಾವುದೋ ಫ್ಲಾಟಿನಲ್ಲಿ ನಿಂತುಹೋಗುತ್ತದೆ ಎಂಬುದು ಕೆಡಿಸಿತ್ತು. ಆ ಭಯ ನನ್ನ ಮನೆಯಲ್ಲೂ ಇದೆ. ನನ್ನ ಹೆಂಡತಿ ನಮ್ಮ ಸಭೆಯವಳೇ, ಆದರೂ ನನ್ನ ಮಗ ರವಿವಾರದ ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಪ್ರಾರ್ಥಿಸುತ್ತಾನೆ, ಕೆಳಗೆ ಆಟಕ್ಕೆ ಹೋದರೆ ಮರಾಠಿಯಲ್ಲಿ ಜಗಳಾಡುತ್ತಾನೆ. ಊರು ಬಿಟ್ಟು ಬಂದ ನಮ್ಮಲ್ಲಿ ಯಾರ ಮನೆಯಲ್ಲಿ ಈ ಭಯ ಇಲ್ಲ, ನೀವೇ ಹೇಳಿ.

"ಕಾಕಾ, ಈ ಪ್ರಶ್ನೆ ಆಕೀನ್ನ ಕೇಳ್ರಿ. ವಿಡಿಯೋ ಕಳಸಬ್ಯಾಡ್ರಿ, ಇದನ್ನ ಕೇಳ್ರಿ," ಅಂದೆ.

ನೋಂದಣಿಯ ದಿನ ಕಾಕಾ ಬರಲಿಲ್ಲ, ಕಾಕು ಬಂದರು. ಈಗ ರವಿವಾರ ರಾತ್ರಿ ಅಪ್ಪ ಮಗಳು ಫೋನಿನಲ್ಲಿ ಮಾತಾಡುತ್ತಾರೆ. ಆ ಹುಡುಗನ ಹೆಸರನ್ನು ಕಾಕಾ ಇನ್ನೂ ಬಾಯಿಬಿಟ್ಟು ಹೇಳುವುದಿಲ್ಲ, 'ಅವ್ರು' ಅನ್ನುತ್ತಾರೆ. ಪ್ರಾರ್ಥನೆಯ ಪ್ರಶ್ನೆ ಕೇಳಿದ್ದಾರಂತೆ. ನಾನೂ ಅವನೂ ಯೋಚಿಸಿ ಹೇಳುತ್ತೇವೆ, ಸ್ವಲ್ಪ ಸಮಯ ಕೊಡಪ್ಪಾ ಎಂದಿದ್ದಾಳೆ ತಂಗಿ. ಕಾಕಾ ಕೊಟ್ಟಿದ್ದಾರೆ.